ಅಪ್ಪನ ಬಲಗಾಲು ಮತ್ತು ನನ್ನ ಗರಗಸ

ಗೋಡೆಗೆ ಸೊಟ್ಟಗಾಗದಂತೆ ಒಂದು ಮೊಳೆ ಹೊಡೆಯಲು ಬಂದರೆ ಸಾಕು, ಗಂಡಸು ತನ್ನನ್ನು ಅರ್ಧ ಇಂಜಿನಿಯರ್ ಎಂದುಕೊಳ್ಳುತ್ತಾನೆ. ಅವನ ಹತ್ತಿರ ಸ್ವಂತದ್ದೊಂದು ಗರಗಸವೂ ಇದ್ದರೆ ಮನೆಯವರನ್ನು ದೇವರೇ ಕಾಪಾಡಬೇಕು. ನನ್ನ ಹತ್ತಿರ ಗರಗಸವಿತ್ತು. ಮೇಲಾಗಿ ನಾನು ನಾಗಪುರದ ರೈಲ್ವೆ ಕಚೇರಿಯಲ್ಲಿ ಸೇತುವೆಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ನಾನು ಗೆರೆ ಎಳೆದ ಸೇತುವೆಗಳ ಮೇಲೆ ಗೂಡ್ಸ್ ಗಾಡಿಗಳು ಇವತ್ತಿಗೂ ಓಡುತ್ತಿವೆ, ಒಂದೂ ಕುಸಿದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಒಂದೆರಡು ಸಾಮಾನು ಕುಸಿಯುವ ಸಂಗತಿ ಬರುತ್ತದೆ.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ನಾವು ಮಾಲತಿಬಾಯಿ ಎಂಬ ಮರಾಠಿ ವಿಧವೆಯ ಮನೆಯಲ್ಲಿ ಬಾಡಿಗೆಗಿದ್ದೆವು. ಓಣಿಯವರೆಲ್ಲ ಆಕೆಯನ್ನು ಕಾಕೂ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಗದಗಿನ ಕಡೆಯಿಂದ ಅಪ್ಪ, ಅವ್ವ ಇಬ್ಬರೂ ನಮ್ಮ ಹತ್ತಿರವೇ ಬಂದು ಇದ್ದರು. ಆ ವರ್ಷ ಸಂಕ್ರಾಂತಿ ಆದ ಮೇಲೆ ಅವ್ವ ತೀರಿಕೊಂಡಳು. ಬೇಸಿಗೆ ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಮಾತು ಮಾತ್ರ ಒಂದಿಷ್ಟೂ ಕೆಡಲಿಲ್ಲ. ಅದು ನಮ್ಮ ಪುಣ್ಯವೋ ಪಾಪವೋ ಎಂದು ಆಗ ನಾನು ತೀರ್ಮಾನಿಸಿರಲಿಲ್ಲ. ನನ್ನ ಹೆಂಡತಿ ಗಿರಿಜೆ ಎರಡನೆಯ ಸಲ ಬಸುರಿ. ಮಗಳು ಸುಧಾ ಶಾಲೆಗೆ ಹೋಗಲು ಶುರು ಮಾಡಿ, ಮನೆಯಲ್ಲೂ ಅರ್ಧ ಮರಾಠಿ ಮಾತಾಡುತ್ತಿದ್ದಳು.

ಡಾಕ್ಟರರು ಒಂದೇ ಮಾತು ಹೇಳಿದರು: "ಇವರನ್ನು ಒಳಗೇ ಮಲಗಿಸಿಡಬೇಡಿ. ಗಾಳಿಗೆ, ಜನರ ನಡುವೆ ತನ್ನಿ. ಹಾಸಿಗೆ ಹಿಡಿದರೆ ಮತ್ತೆ ಏಳುವುದಿಲ್ಲ." ಜನರ ನಡುವೆ ಅಂದರೆ ನಮ್ಮ ಮನೆಯ ಜಗಲಿ. ಕಾಯಿಲೆಗೆ ಮೊದಲು ಅಪ್ಪ ಬೆಳಗಾದರೆ ಅಲ್ಲೇ ಕೂರುತ್ತಿದ್ದರು. ಹಾಲಿನವ, ಟಾಂಗಾದವ, ಸಂತ್ರಾ ಎನ್ನುವ ಕಿತ್ತಳೆಯ ಬುಟ್ಟಿ ಹೊತ್ತ ಹೆಂಗಸು, ಯಾರನ್ನೂ ಮಾತಾಡಿಸದೆ ಬಿಟ್ಟವರಲ್ಲ. ಅವರಿಗೆ ಹಿಂದಿ ಬರುತ್ತಿರಲಿಲ್ಲ, ಮರಾಠಿಯೂ ಅಷ್ಟಕ್ಕಷ್ಟೆ. ಆದರೂ ಓಣಿಯ ಸುದ್ದಿಯೆಲ್ಲ ನನಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಈಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಅವ್ವನ ಹಿಂದೆಯೇ ಇವರೂ ಹೊರಟುಬಿಟ್ಟರೆ ಎಂಬ ಭಯ ನನಗೆ.

ಭಯವಾದಾಗ ಕೆಲವರು ದೇವರ ಮುಂದೆ ಕೂರುತ್ತಾರೆ. ನಾನು ಗರಗಸ ತೆಗೆದುಕೊಂಡೆ. ಇತವಾರಿ ಪೇಟೆಗೆ ಹೋಗಿ ಮೊಳೆ, ತಿರುಪು, ಚಿಕ್ಕ ಗಾಲಿಗಳನ್ನು ತಂದೆ. ಸಂತ್ರಾ ತುಂಬುವ ಪೆಟ್ಟಿಗೆಗಳ ಹಲಗೆಗಳನ್ನು ಒಟ್ಟು ಮಾಡಿದೆ. ಮೊದಲು ಹಾಸಿಗೆಯಿಂದ ಬಾಗಿಲವರೆಗೆ ಗೋಡೆಗೆ ಹಿಡಿಗೋಲು ಬಡಿದೆ. ಅಪ್ಪನ ಎಡಗೈಗೆ ಸಿಗುವ ಎತ್ತರಕ್ಕೆ ಅಳತೆ ಮಾಡಿ ಕೂರಿಸಿದ ಸಾಗವಾನಿ ಕೋಲು ಅದು. ನಾನೇ ಜೋತುಬಿದ್ದು ತೋರಿಸಿ, "ಗಟ್ಟಿ ಐತಿ ನೋಡ್ರಿ ಅಪ್ಪಾ" ಎಂದೆ. ಅಪ್ಪ ಮಲಗಿದಲ್ಲಿಂದಲೇ, "ಗ್ವಾಡಿ ಗಟ್ಟಿ ಐತೇನು, ಅದನ್ನ ಹೇಳು" ಎಂದರು.

ಆಮೇಲೆ ಒಂದು ಕುರ್ಚಿಯ ನಡುವೆ ದುಂಡಗೆ ಕೊರೆದು, ಕೆಳಗೆ ಪಾತ್ರೆ ಇಡುವ ಏರ್ಪಾಡು ಮಾಡಿದೆ. ಅಂಗಳದಾಚೆಯ ಕಕ್ಕಸಿಗೆ ಅಪ್ಪನನ್ನು ಕರೆದೊಯ್ಯುವ ಪ್ರಶ್ನೆಯೇ ಅದರಿಂದ ಬರಲಿಲ್ಲ. ನೋಡುವವರಿಗೆ ಮುಜುಗರ ಆಗದಿರಲೆಂದು ಗಿರಿಜೆ ಅದರ ಮೇಲೆ ಒಂದು ಟವೆಲು ಹಾಸಿದಳು. ಅಪ್ಪನನ್ನು ಕಾಣಲು ಬಂದ ನಮ್ಮ ಕಚೇರಿಯ ಹೆಡ್ ಕ್ಲಾರ್ಕರು, ಮನೆಯಲ್ಲಿದ್ದ ಎಲ್ಲ ಕುರ್ಚಿಗಳನ್ನು ಬಿಟ್ಟು, ಮೆತ್ತಗೆ ಕಂಡ ಆ ಕುರ್ಚಿಯನ್ನೇ ಆರಿಸಿಕೊಂಡರು. ಅವರನ್ನು ಹೊರಗೆ ಎಳೆಯಲು ನಾನೂ ಗಿರಿಜೆಯೂ ಕೈಹಾಕಬೇಕಾಯಿತು. ಕಾಯಿಲೆ ಬಿದ್ದ ಮೇಲೆ ಅಪ್ಪ ನಕ್ಕದ್ದು ಅವತ್ತೇ ಮೊದಲು. ಆ ಕುರ್ಚಿ ಕೆಟ್ಟದ್ದೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಇನ್ನೊಂದು ಬೆತ್ತದ ಕುರ್ಚಿಗೆ ಗಾಲಿ ಕೂರಿಸಿದೆ. ಗಾಲಿಯ ಕುರ್ಚಿಯೇನೋ ಸಿದ್ಧವಾಯಿತು, ಆದರೆ ಪಡಸಾಲೆಗೂ ಜಗಲಿಗೂ ನಡುವೆ ಹೊಸ್ತಿಲಿತ್ತು. ಹಳೆಯ ಕಾಲದ, ಮೊಣಕಾಲಿನ ಅರ್ಧ ಎತ್ತರಕ್ಕೆ ಬರುವ ದಪ್ಪ ಹೊಸ್ತಿಲು. ಕಿತ್ತು ಹಾಕಿದರಾಯಿತು ಎಂದು ನಾನು ಬಾಯಿಬಿಟ್ಟದ್ದೇ ತಡ, ಕಾಕೂ ಸೆರಗು ಬಿಗಿದು ಬಂದರು. "ಅಹೋ, ಉಂಬರಠ್ಯಾಲಾ ಹಾತ್ ಲಾವೂ ನಕಾ! ಹೊಸ್ತಿಲು ಮುಟ್ಟಿದರೆ ಲಕ್ಷ್ಮಿ ಹೊರಟು ಹೋಗ್ತಾಳೆ" ಎಂದು ಮರಾಠಿಯಲ್ಲೂ ನಮ್ಮಿಂದ ಕಲಿತ ಕನ್ನಡದಲ್ಲೂ ಹೇಳಿದರು. ನಮ್ಮ ಮನೆಗೆ ಲಕ್ಷ್ಮಿ ಬಂದದ್ದನ್ನೇ ನಾನು ನೋಡಿರಲಿಲ್ಲ. ಆದರೂ ಮನೆ ಅವರದು, ಹೊಸ್ತಿಲೂ ಅವರದು. ಸರಿ, ರೈಲ್ವೆಯವರಿಗೆ ಏರು ಇಳಿಜಾರು ಹೊಸದೇ? ಹೊಸ್ತಿಲ ಮೇಲೆ ಹಾದುಹೋಗುವಂತೆ ಸಂತ್ರಾ ಹಲಗೆಗಳ ಸೇತುವೆ ಕಟ್ಟಿದೆ. ಪರೀಕ್ಷೆಗೆಂದು ಗಾಲಿ ಕುರ್ಚಿಯಲ್ಲಿ ನಾನೇ ಕೂತೆ. ಸುಧಾ "ಚಲಾ, ಚಲಾ, ಜಲ್ದಿ!" ಎಂದು ಕೂಗುತ್ತ ಹಿಂದಿನಿಂದ ನೂಕಿದಳು. ಹಲಗೆ ಲಟಕ್ಕೆಂದಿತು. ನಾನು ಜಗಲಿಯಲ್ಲಿ, ಕುರ್ಚಿ ನನ್ನ ಮೇಲೆ. ಸಂತ್ರಾ ಹಣ್ಣಿನ ಭಾರಕ್ಕೆ ಮಾಡಿದ ಹಲಗೆಗೆ ನನ್ನ ಭಾರ ಹೊರಿಸಿದ್ದು ಹಲಗೆಯ ತಪ್ಪಲ್ಲ.

ಗಟ್ಟಿ ಹಲಗೆ ತಂದು ಮತ್ತೆ ಕಟ್ಟಿದೆ. ಈ ಸಲ ಅಪ್ಪನೇ ಒಲ್ಲೆ ಎಂದರು. "ನಿಮ್ಮವ್ವ ದಿನಾ ಅರಿಷಿಣ ಹಚ್ಚಿ ಕೈ ಮುಗದಿದ್ದು ಆ ಹೊಸ್ತಲಕ್ಕ. ಅದರ ಮ್ಯಾಲೆ ಗಾಡಿ ಹೊಡೀತಿಯೇನು?" ಎತ್ತಿಕೊಂಡು ಹೋಗುತ್ತೇನೆಂದೆ. "ನಾಲ್ಕು ಮಂದಿ ಹೊತ್ತುಕೊಂಡು ಹೋಗೂ ದಿನಾ ಬಂದಾಗ ಹೊರುವಿಯಂತ, ಈಗ ಬ್ಯಾಡ" ಎಂದರು. ಹಿಡಿಗೋಲು ಹಿಡಿದು ನಡೆದೇ ಬನ್ನಿ, ದಾಟಿಸುವುದು ನನ್ನ ಜವಾಬ್ದಾರಿ ಎಂದೆ. ಗೋಡೆಯ ಕಡೆ ಹೊರಳಿದರು. ನನಗೂ ಸಿಟ್ಟು ಬಂತು. ಮುದುಕರಿಗೆ ಬೀಳುವ ಭಯ, ಅದಕ್ಕೆ ಏನೇನೋ ನೆಪ ಎಂದು ತೀರ್ಮಾನಿಸಿ, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಇನ್ನೆರಡು ಹಿಡಿಗೋಲು ಬಡಿದೆ. ಆಮೇಲೆ ಜಗಲಿಯಲ್ಲಿ, ಆಮೇಲೆ ಬಚ್ಚಲಲ್ಲಿ. ಕಾಕೂ ಬಂದು ನೋಡಿ, ಇದು ಮನೆಯೋ ದನದ ಕೊಟ್ಟಿಗೆಯೋ ಎಂದು ಕೇಳಿದರು.

ಒಂದು ರವಿವಾರ ನಾನು ಜಗಲಿಯಲ್ಲಿ ಹಲಗೆಗೆ ಉಜ್ಜುಕಾಗದ ಹಾಕುತ್ತ ಕೂತಿದ್ದೆ. ಗಿರಿಜೆ ಒಳಗೆ ಅಪ್ಪನ ಹಾಸಿಗೆಯ ಪಕ್ಕ ಮೆಂತ್ಯೆ ಸೊಪ್ಪು ಬಿಡಿಸುತ್ತ, "ಮಾವಾರ, ಖರೇ ಹೇಳ್ರಿ. ಹೊರಗ ಬರಾಕ ಯಾಕ ಒಲ್ಲೆ ಅಂತೀರಿ? ಬೀಳ್ತೀನಿ ಅಂತ ಅಂಜಿಕಿ ಏನ್ರಿ?" ಎಂದು ಕೇಳಿದಳು. ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಇಂಜಿನಿಯರುಗಳು ಅಳತೆ ತೆಗೆದುಕೊಳ್ಳುತ್ತಾರೆ, ಪ್ರಶ್ನೆ ಕೇಳುವುದಿಲ್ಲ.

"ಬಿದ್ರ ಏಳಬಹುದವ್ವಾ" ಎಂದರು ಅಪ್ಪ. "ಹೊರಗ ಹೋಗಾಕ ಯಾವ ಕಾಲಾದ್ರೂ ನಡಿತೈತಿ. ತಿರುಗಿ ಒಳಗ ಬರಾಗ ಬಲಗಾಲು ಮುಂದ ಬೇಕಲ್ಲ? ಈ ಬಲಗಾಲು ನನ್ನ ಮಾತು ಕೇಳಂಗಿಲ್ಲ. ದವಾಖಾನಿಯಿಂದ ಮಂಚದ ಮ್ಯಾಲೆ ತಂದ್ರಿ, ಅವತ್ತು ಕಾಲಿನ ಮಾತು ಬರಲಿಲ್ಲ. ಇನ್ನ ದಿನಾ ಎಡಗಾಲಿಟ್ಟು ಒಳಗ ಬಂದ್ರ ಹೆಂಗ? ನಿಮ್ಮತ್ತಿ ಹೋಗಿ ವರ್ಷ ತುಂಬಿಲ್ಲ. ನೀನು ಎರಡು ಜೀವದಾಕಿ. ನನ್ನ ಕಾಲಿನಿಂದ ನಿನಗ ಏನರ ಆತಂದ್ರ ನಾ ಏನ್ ಮಾಡ್ಲಿ?"

ನನ್ನ ಕೈ ನಿಂತಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮನುಷ್ಯ ತನ್ನ ಸಾವನ್ನಲ್ಲ, ಹುಟ್ಟಬೇಕಾದ ಕೂಸನ್ನು ನೆನೆಯುತ್ತಿದ್ದ. ಆದರೆ ಸುಮ್ಮನಿರುವ ಜಾಯಮಾನ ನನ್ನದಲ್ಲವಲ್ಲ, ಒಳಗೆ ಹೋಗಿ, ಎಡಗಾಲಿಗೂ ಬಸುರಿಗೂ ಏನೂ ಸಂಬಂಧವಿಲ್ಲ, ಇದೆಲ್ಲ ಮೂಢನಂಬಿಕೆ ಎಂದು ಶುರು ಮಾಡಿದೆ. ಅಪ್ಪ, "ಕೆಂಪು ದೀಪ ಕಂಡ್ರ ನಿಮ್ಮ ಗಾಡಿ ಯಾಕ ನಿಲ್ಲತೈತಿ? ಮುಂದ ಏನೂ ಇರದಿದ್ರೂ ನಿಲ್ಲತೈತಿ" ಎಂದರು.

ಗಿರಿಜೆ ವಾದ ಮಾಡಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಅವ್ವನ ಹಳೆಯ ಇಳಕಲ್ ಸೀರೆ ತೆಗೆದಳು. ಒಡಲೆಲ್ಲ ಪಿಸಿದು ಹರಿದಿದ್ದರೂ ಅಂಚಿನ ಕೆಂಪು ದಡಿ ಗಟ್ಟಿಯಾಗಿತ್ತು. ದಡಿಯನ್ನು ಬಿಡಿಸಿ, ಒಂದು ತುದಿಗೆ ಕುಣಿಕೆ ಮಾಡಿ ಅಪ್ಪನ ಬಲಪಾದಕ್ಕೆ ತೊಡಿಸಿದಳು. ಇನ್ನೊಂದು ತುದಿಯನ್ನು ಎಡಗೈಗೆ ಕೊಟ್ಟು, "ಎಳೀರಿ ಮಾವಾರ" ಎಂದಳು. ಅಪ್ಪ ಎಳೆದರು. ಅಷ್ಟು ದಿನ ಕಲ್ಲಿನಂತೆ ಬಿದ್ದಿದ್ದ ಕಾಲು ಎದ್ದಿತು. ಅಪ್ಪ ದಡಿಯನ್ನು ನೋಡಿದರು, ಕಾಲನ್ನು ನೋಡಿದರು. ಕಣ್ಣು ತುಂಬಿ ಬಂದಿತ್ತು. "ಜೀವಂತ ಇದ್ದಾಗನೂ ನನ್ನ ಕಾಲು ಎಳಕೊಂತನ ಇದ್ಲು" ಎಂದರು.

ಆಮೇಲಿನದು ಸಲೀಸು. ಅಪ್ಪ ಹಿಡಿಗೋಲು ಹಿಡಿದು, ನನ್ನ ಹೆಗಲಿಗೆ ಆತು ಹೊಸ್ತಿಲು ದಾಟಿ ಜಗಲಿಗೆ ಬಂದರು. ಒಳಗೆ ಹೋಗುವಾಗ ಗಾಲಿ ಕುರ್ಚಿಯನ್ನು ಜಗಲಿಯ ಕಡೆಯಿಂದ ಹೊಸ್ತಿಲಿಗೆ ತಾಗಿಸಿ ನಿಲ್ಲಿಸಿದೆ. ಕೂತಲ್ಲೇ ದಡಿ ಎಳೆದು ಬಲಗಾಲನ್ನು ಹೊಸ್ತಿಲ ಆಚೆ ಇಟ್ಟರು, ಬಳಿಕ ಚೌಕಟ್ಟಿನ ಹಿಡಿಗೋಲು ಹಿಡಿದು ಎದ್ದು ಎಡಗಾಲು ತಂದರು. ಕಾಕೂ ಅತ್ತುಕೊಂಡೇ "ಬರೋಬರ್, ಬರೋಬರ್!" ಎಂದರು. ಮರುದಿನದಿಂದ ಹಾಲಿನವನಿಗೆ ಮತ್ತೆ ತಡವಾಗತೊಡಗಿತು. ಕುರ್ಚಿ ನನ್ನದು, ಹಿಡಿಗೋಲು ನನ್ನದು, ಗಿರಿಜೆಯದು ಬರೀ ಒಂದು ಚೂರು ಬಟ್ಟೆ ಎಂದು ನಾನು ಕಚೇರಿಯಲ್ಲಿ ಹೇಳಿಕೊಂಡೆ. ಹೆಡ್ ಕ್ಲಾರ್ಕರು ಮಾತ್ರ ನನ್ನ ಕುರ್ಚಿಗಳ ಹೊಗಳಿಕೆ ಕೇಳಲು ನಿಲ್ಲುತ್ತಿರಲಿಲ್ಲ.

ಗಿರಿಜೆಗೆ ಹೆರಿಗೆಯಾಗಿ, ದವಾಖಾನೆಯಿಂದ ಟಾಂಗಾದಲ್ಲಿ ಕೂಸನ್ನು ಕರೆತಂದ ದಿನ ಅಪ್ಪ ಹೊಸ ಧೋತರ ಉಟ್ಟು ಜಗಲಿಯಲ್ಲಿ ಕಾದಿದ್ದರು. ಹೆಣ್ಣುಕೂಸು, ಅವ್ವನದೇ ಮೂಗು. ಗಿರಿಜೆ ಕೂಸನ್ನು ಅವರ ತೊಡೆಯ ಮೇಲಿಟ್ಟಳು. ಕಾಕೂ ಆರತಿ ತರುತ್ತಿದ್ದರು. ಸಂತೋಷದ ಭರದಲ್ಲಿ ನಾನು ಟ್ರಂಕನ್ನು ಹೆಗಲಿಗೇರಿಸಿ ಒಳಗೆ ನುಗ್ಗಿದೆ.

"ಏಯ್, ತಡಿ! ಯಾವ ಕಾಲು ಅದು?"

ನಾನು ಕೆಳಗೆ ನೋಡಿಕೊಂಡೆ. ಎಡಗಾಲು ಹೊಸ್ತಿಲ ಮೇಲೆ ಗಾಳಿಯಲ್ಲಿತ್ತು. ಎರಡು ನೆಟ್ಟಗಿನ ಕಾಲು ಇಟ್ಟುಕೊಂಡು, ಇಷ್ಟು ವರ್ಷ ಯಾವ ಕಾಲಿನಲ್ಲಿ ಮನೆಯೊಳಗೆ ಬರುತ್ತಿದ್ದೇನೆಂದು ನಾನು ಒಂದು ದಿನವೂ ನೋಡಿಕೊಂಡವನಲ್ಲ. ಮುಂದೆ ಇಡುವಂತಿಲ್ಲ, ಹಿಂದೆ ತೆಗೆಯೋಣವೆಂದರೆ ಟ್ರಂಕು ಜಗ್ಗುತ್ತಿತ್ತು. ಇಡೀ ಮೈ ವಾಲಿತು. ಬಿದ್ದೇ ಬಿಡುತ್ತಿದ್ದೆ, ಅಷ್ಟರಲ್ಲಿ ಕೈಗೆ ಚೌಕಟ್ಟಿನ ಹಿಡಿಗೋಲು ಸಿಕ್ಕಿತು. ಇನ್ನೊಂದು ಕೈ ಟ್ರಂಕಿಗೆ ಬೇಕಾಗಿದ್ದರಿಂದ ಹಿಡಿಗೋಲಿಗೆ ಗಲ್ಲವನ್ನೂ ಆನಿಸಿ ಒಂಟಿಕಾಲಲ್ಲಿ ನಿಂತೆ.

ಅಪ್ಪ ಮೊಮ್ಮಗಳ ತಲೆ ಸವರುತ್ತ, ಬಹಳ ಆರಾಮವಾಗಿ ಕೇಳಿದರು: "ಹೆಂಗ, ಗಟ್ಟಿ ಐತೇನು?"

"ಐತ್ರಿ ಅಪ್ಪಾ" ಎಂದೆ.