ಆಸ್ಪತ್ರೆ, ನಾನು ಮತ್ತು ನನ್ನ ಜೀಪು

ಆಸ್ಪತ್ರೆ ಅಂದರೆ ಅಳುವ ಜಾಗ ಅಂತ ಯಾರು ಹೇಳಿದ್ದೋ. ಕಡಬದಿಂದ ಒಳಗೆ, ಈಗ ಬೀಗ ಬಿದ್ದಿರುವ ನಮ್ಮೂರಿನ ಆಸ್ಪತ್ರೆಗೆ ಜೀಪು ಓಡಿಸಿದ ನನಗೆ ನಗಲಿಕ್ಕೇ ಪುರುಸೊತ್ತು ಸಾಕಾಗುತ್ತಿರಲಿಲ್ಲ. ನಾನು ಶಾಲೆಗೆ ಹೋದದ್ದು ಮಾಸ್ತರರನ್ನು ಜೀಪಿನಲ್ಲಿ ಬಿಡಲಿಕ್ಕೆ ಮಾತ್ರ. ಆದರೂ ಆ ಆಸ್ಪತ್ರೆಯ ಚರಿತ್ರೆ ಬೇಕಾದರೆ ಕಲಿತವರೂ ನನ್ನ ಹತ್ತಿರವೇ ಬರಬೇಕು.

ಕಲ್ಲು

ಕೇರಳದಿಂದ ಬಂದು ರಬ್ಬರ್ ಹಾಕಿದವರೂ ನಮ್ಮ ತುಳುವಿನವರೂ ಸೇರಿ ಕಟ್ಟಿದ ಆಸ್ಪತ್ರೆ ಅದು. ಒಬ್ಬರು ಜಾಗ ಕೊಟ್ಟರು, ಒಬ್ಬರು ಕೆಂಪು ಕಲ್ಲು ಕೊಟ್ಟರು. ನಾನು ಜೀಪಿನ ಸಮೇತ ನನ್ನನ್ನೇ ಕೊಟ್ಟೆ. ರೋಗಿ ಹತ್ತಿದ ಮೇಲೆ ಸ್ಟೇರಿಂಗ್ ಬಿಟ್ಟರೂ ಜೀಪು ತಾನಾಗಿ ಆಸ್ಪತ್ರೆಯ ಗೇಟಿನೊಳಗೆ ತಿರುಗುದು, ಅಂಥ ಜೀಪು. ಆಗ ರಸ್ತೆ ಅಂದರೆ ಬರೀ ಹೊಂಡ. ಮೂತ್ರದ ಕಲ್ಲಿನವರನ್ನು ಹತ್ತಿಸಿದರೆ ಅರ್ಧ ದಾರಿಯಲ್ಲೇ ಕಲ್ಲು ಜಾರಿ, ಆಸಾಮಿ ಇಳಿದು ಮನೆಗೆ ನಡೆದುಕೊಂಡು ಹೋಗುದು.

ಡಾಕ್ಟರು ಒಮ್ಮೆ ಹೇಳಿದರು, "ಸ್ವಲ್ಪ ನಿಧಾನ ಓಡಿಸು ಮಾರಾಯ. ನನಗೂ ಎಂತಾದರೂ ಉಳಿಸು."

ಪನಿ

ಕೇರಳದಿಂದ ಹೊಸ ಸಿಸ್ಟರು ಬಂದರು. ಅವರ ಮಲಯಾಳದಲ್ಲಿ ಪನಿ ಅಂದರೆ ಜ್ವರ, ನಮ್ಮ ತುಳುವಿನಲ್ಲಿ ಪನಿ ಅಂದರೆ ಹನಿಮಳೆ. ಒಬ್ಬರು ಕೃಷಿಕರ ಹಣೆಗೆ ಕೈ ಇಟ್ಟು ಕೇಳಿದರು, "ಪನಿ ಉಂಡೋ?"

ಅವರು ಕಿಟಕಿಯಿಂದ ಹೊರಗೆ ನೋಡಿದರು. "ಇಲ್ಲ ಸಿಸ್ಟರೇ, ಬೆಳಿಗ್ಗೆಯಿಂದ ಒಳ್ಳೆ ಬಿಸಿಲು. ನಿನ್ನೆ ಬಂದಿತ್ತು, ಅಂಗಳದ ಅಡಿಕೆಯೆಲ್ಲ ಚಂಡಿ."

ಸಿಸ್ಟರು ಡಾಕ್ಟರ ಹತ್ತಿರ ಓಡಿದರು. "ಜ್ವರ ತಲೆಗೇರಿದೆ, ಅಡಿಕೆ ಒದ್ದೆ ಅಂತ ಬಡಬಡಿಸುತ್ತಿದ್ದಾರೆ."

ಆಸಾಮಿ ಬಂದದ್ದು ಕಾಲಿಗೆ ಮುಳ್ಳು ಹೊಕ್ಕು.

ಡಾಂಬರು

ರೋಗಿಗಳು ಬರಲಿಕ್ಕೆ ಒಳ್ಳೆ ರಸ್ತೆ ಬೇಕು ಅಂತ ಊರಿಗೆ ಊರೇ ಹೋರಾಡಿತು. ಕಡೆಗೂ ಡಾಂಬರು ಬಿತ್ತು. ಡಾಕ್ಟರು ಲಾಡು ಹಂಚಿದರು. ರೋಗಿಗಳು ಅದೇ ರಸ್ತೆಯಲ್ಲಿ, ನಮ್ಮ ಗೇಟಿನ ಮುಂದಿನಿಂದಲೇ, ಪುತ್ತೂರಿನ, ಸುಳ್ಯದ ದೊಡ್ಡ ಆಸ್ಪತ್ರೆಗಳಿಗೆ ಕಾರಿನಲ್ಲಿ ಹೋದರು. ಹೋಗುವಾಗ ಡಾಕ್ಟರಿಗೆ ಕೈ ಬೀಸುತ್ತಿದ್ದರು. ಮರ್ಯಾದೆಗೆ ಎಂತದೂ ಕೊರತೆ ಇಲ್ಲ.

ಉಳಿಸಿ

ಆಸ್ಪತ್ರೆ ಮುಚ್ಚುದು ಅಂತ ಸುದ್ದಿ ಆಯಿತು. ಡಾಕ್ಟರು ಹೇಳಿದರು, "ಊರವರಿಗೆ ನಮ್ಮ ಮೇಲೆ ನಂಬಿಕೆ ಉಂಟು ಅಂತ ಕಂಡರೆ ಇನ್ನೊಂದು ವರ್ಷ ನೋಡುವ." ಕೂಡಲೇ ಉಳಿಸುವ ಸಮಿತಿ ಹುಟ್ಟಿತು. ಆಸ್ಪತ್ರೆಯ ಅಂಗಳದಲ್ಲೇ ಸಭೆ, ಸುಡುವ ಬಿಸಿಲು. ಸಮಿತಿಯ ಅಧ್ಯಕ್ಷರು "ನನ್ನ ಪ್ರಾಣ ಹೋದರೂ ಈ ಆಸ್ಪತ್ರೆಯನ್ನು ಬಿಡುವವನಲ್ಲ" ಅಂದವರು ಅಲ್ಲೇ ತಲೆ ತಿರುಗಿ ಬಿದ್ದರು.

"ಪುತ್ತೂರಿಗೆ, ಬೇಗ ಪುತ್ತೂರಿಗೆ" ಅಂತ ಸಭೆಯೇ ಎದ್ದಿತು. ಜಗಲಿಯಲ್ಲಿ ಡಾಕ್ಟರು ಕೊರಳಿಗೆ ಸ್ಟೆತಸ್ಕೋಪು ಹಾಕಿ ನಿಂತೇ ಇದ್ದರು.

ಸಿಸ್ಟರು ಓಡಿಬಂದು ಹಣೆ ಮುಟ್ಟಿದರು. "ಪನಿಯೂ ಇಲ್ಲ, ಎಂತದೂ ಇಲ್ಲ. ಬಿಸಿಲಿನ ತಲೆಸುತ್ತು. ಒಳಗೆ ಮಲಗಿಸಿ."

ಅಧ್ಯಕ್ಷರು ಒಂದು ಕಣ್ಣು ಬಿಟ್ಟರು. "ಒಳಗೆ ಬೇಡ ಸಿಸ್ಟರೇ. ಪುತ್ತೂರಿಗೇ ಆಗಲಿ."

ನನ್ನ ಜೀಪಿಗೆ ಹಾಕಿದರು. ಸುಳ್ಳು ಹೇಳುವ ಜನ ನಾನಲ್ಲ, ಜೀಪು ಗೇಟಿನವರೆಗೆ ಬಂದು ನಿಂತಿತು. ರೋಗಿಯನ್ನು ಹೊತ್ತು ಒಳಗೆ ಬರುದು ಅದಕ್ಕೆ ಗೊತ್ತು, ಹೊತ್ತುಕೊಂಡು ಹೊರಗೆ ಹೋಗುದು ಗೊತ್ತಿಲ್ಲ. ಸಮಿತಿಯವರು ದೂಡಲಿಕ್ಕೆ ನಿಂತರು. ದೂಡುವಾಗ ಒಂದು ತಾಳ ಬೇಕಲ್ಲ, ಬಾಯಲ್ಲಿ ಇದ್ದದ್ದು ಒಂದೇ ಘೋಷಣೆ. ಒಬ್ಬ "ಆಸ್ಪತ್ರೆ" ಅಂದ, ಉಳಿದವರು "ಉಳಿಸಿ" ಅಂತ ದೂಡಿದರು. ಜೀಪು ಅಲುಗಲಿಲ್ಲ.

ಡಾಕ್ಟರು ಮೆಟ್ಟಿಲಿಳಿದು ಬಂದರು. ಸ್ಟೆತಸ್ಕೋಪು ತೆಗೆದು ಜೇಬಿಗೆ ಹಾಕಿ, ಜೀಪಿನ ಹಿಂದೆ ಕೈ ಕೊಟ್ಟು, "ಹೀಗೆ ಹೇಳಿದರೆ ಆಗ್ಲಿಕ್ಕಿಲ್ಲ ಮಾರಾಯ್ರೆ, ಎಲ್ಲ ಒಟ್ಟಿಗೆ ಹೇಳಬೇಕು" ಅಂದರು. ಆಮೇಲೆ ತಾವೇ ಗಟ್ಟಿಯಾಗಿ "ಆಸ್ಪತ್ರೆ" ಅಂದರು.

ಎಲ್ಲರೂ ಒಟ್ಟಿಗೆ "ಉಳಿಸಿ" ಅಂದರು. ಜೀಪು ಗೇಟು ದಾಟಿತು.