ಬೆಪ್ಪು ಪಟ್ಟಣದಲ್ಲಿ ದುರ್ಗದ ಗೈಡು

ಮರ್ಯಾದೆ ಕಳೆದುಕೊಳ್ಳಲು ಊರು ಬಿಟ್ಟು ಹೋಗಬೇಕಾದ ಅಗತ್ಯ ನನಗೆ ಎಂದೂ ಬಿದ್ದಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗೈಡು ನಾನು. ದಿನಕ್ಕೊಮ್ಮೆಯಾದರೂ ಅದು ಅಷ್ಟೋ ಇಷ್ಟೋ ಹೋಗಿ, ಸಂಜೆಗೆ ದನ ಬಂದಹಾಗೆ ಮನೆಗೆ ಬರುತ್ತಿತ್ತು. ಹೋದ ವರ್ಷ ಮಾತ್ರ ಅದನ್ನು ವಿಮಾನ ಹತ್ತಿಸಿ ಜಪಾನಿಗೆ ಒಯ್ದು, ಒಂದು ವಾರ ಕಂತುಕಂತಾಗಿ ಕಳೆದು ಬಂದೆ.

ಕತೆ ಶುರುವಾದದ್ದು ಅದಕ್ಕೂ ಎರಡು ವರ್ಷ ಹಿಂದೆ, ಇಲ್ಲೇ ದುರ್ಗದಲ್ಲಿ. ಒಬ್ಬ ಜಪಾನಿ ಅಜ್ಜ ಕೋಟೆ ನೋಡಲು ಬಂದಿದ್ದರು. ತಮ್ಮ ಊರಿನ ಬಿಸಿನೀರಿನ ಬುಗ್ಗೆಗಳ ಶಾಖ, ಹರಿವು ಅಳೆಯುವ ಕೆಲಸದಿಂದ ನಿವೃತ್ತರಾಗಿ, ಈಗ ನನ್ನಂತೆಯೇ ಬಂದವರಿಗೆ ಊರು ತೋರಿಸುವವರು. ಎರಡು ದಿನ ನನ್ನ ಹಿಂದೆ ಬಂಡೆ ಹತ್ತಿ ಇಳಿದರು. ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದುಕೊಳ್ಳುವ ಗಿರಾಕಿ ಸಿಕ್ಕರೆ ಗೈಡಿನ ನಾಲಗೆಗೆ ಹುರುಪು ಜಾಸ್ತಿ. ಇತಿಹಾಸ ಒಂದು ಪಾಲು ಇದ್ದ ಕಡೆ ನನ್ನದು ಮೂರು ಪಾಲು ಸೇರಿತು. ಅಜ್ಜನಿಗೆ ನನ್ನ ಮೇಲೆ ಎಷ್ಟು ಗೌರವ ಬಂತೆಂದರೆ, ‘ನಮ್ಮ ಊರಿಗೆ ಬನ್ನಿ. ನಮ್ಮ ಗೈಡುಗಳ ಮುಂದೆ ನಿಮ್ಮ ಕೋಟೆಯ ವಿಷಯ ಮಾತಾಡಿ. ನೋಟ್‌ಬುಕ್ಕು ನಾನು ಓದುತ್ತೇನೆ, ನೀವು ವಿವರಿಸಿ’ ಎಂದು ಗಂಡಹೆಂಡತಿ ಇಬ್ಬರಿಗೂ ಟಿಕೆಟ್ಟನ್ನೇ ಕಳಿಸಿಬಿಟ್ಟರು.

ಊರಿನ ಹೆಸರು ಬೆಪ್ಪು. ನಗಬೇಡಿ, ಮೊದಲು ನಾನೂ ನಕ್ಕಿದ್ದೆ.

ಹೆಂಡತಿ ಶ್ರೀರಾಂಪುರದ ಕಡೆಯವಳು, ಅವಳಿಗೆ ಸುಳ್ಳು ಅಂದರೆ ಆಗದು. ‘ಆ ಅಜ್ಜಾರು ನೀವು ಬಿಟ್ಟಿದ್ದನ್ನೆಲ್ಲಾ ನಿಜ ಅಂತ ನಂಬ್ಯಾರೆ ಕಣ್ರೀ. ಅದ್ನ ನಾಕು ಜನದ ಮುಂದೆ ಓದಿದ್ರೆ ಹೋಗೋದು ಅವ್ರ ಮರ್ಯಾದೆ. ಸಭೆಯಾಗೆ ಎದ್ದು ನಿಂತು, ಅರ್ಧ ನಾನೇ ಕಟ್ಟಿದ್ದು ಅಂತ ಒಪ್ಕಂಬಿಡ್ರಿ’ ಎಂದಳು. ಅವಳ ಮಾತು ಸರಿಯಾಗಿತ್ತು. ವಿಮಾನ ಮೇಲೇರುವಾಗ ಅವಳ ಕೈ ಹಿಡಿದು ಮಾತು ಕೊಟ್ಟೆ. ಆ ಹೊತ್ತಿನಲ್ಲಿ ಮನುಷ್ಯ ಯಾವುದಕ್ಕೆ ಬೇಕಾದರೂ ಮಾತು ಕೊಡುತ್ತಾನೆ.

ಬಂದರಿನಲ್ಲಿ ಬ್ಯಾಗು

ಮೊದಲ ದಿನ ಬೆಳಿಗ್ಗೆ ಅಜ್ಜ ನಮ್ಮನ್ನು ಬಂದರಿಗೆ ಕರೆದೊಯ್ದರು. ಮುಂದೆ ಸಮುದ್ರ, ಹಿಂದೆ ಗುಡ್ಡ, ನಡುವೆ ಊರು. ಊರಿನ ಮನೆಮನೆಯ ಹಿಂದೆ, ಚರಂಡಿ ಮುಚ್ಚಳದ ಸಂದಿಯಲ್ಲೂ ಬಿಳೀ ಆವಿ. ಹಿಂದಿನ ಕಾಲದಲ್ಲಿ ರೈತರು ಗದ್ದೆ ಕೆಲಸ ಮುಗಿಸಿ, ಅಕ್ಕಿ ಗಂಟು ಕಟ್ಟಿಕೊಂಡು ದೋಣಿಯಲ್ಲಿ ಬಂದು, ದೋಣಿಯಲ್ಲೇ ಮಲಗೆದ್ದು ವಾರಗಟ್ಟಲೆ ಬಿಸಿನೀರು ಮೀಯುತ್ತಿದ್ದರಂತೆ. ಅಜ್ಜ ಅದನ್ನು ಹೇಳುತ್ತಿದ್ದಾಗಲೇ ದೊಡ್ಡ ಹಡಗೊಂದು ದಡಕ್ಕೆ ಬಂತು. ಜನ ಇಳಿಯತೊಡಗಿದರು. ಅಲ್ಲಿನ ಗೈಡುಗಳು ಕೈಯಲ್ಲಿ ಪುಟ್ಟ ಬಾವುಟ ಹಿಡಿದು, ತುಟಿ ಬಿಚ್ಚದೆ ಸಾಲಾಗಿ ನಿಂತಿದ್ದರು.

ಜನ ಇಳಿಯುವುದನ್ನು ಕಂಡರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಕೋಟೆ ಬಾಗಿಲಲ್ಲಿ ಮೊದಲು ಬ್ಯಾಗು ಹಿಡಿದವನಿಗೇ ಗಿರಾಕಿ. ‘ಬರ್ರಿ ಅಮ್ಮಾರೆ, ಬರ್ರಿ’ ಎನ್ನುತ್ತ ಹೋಗಿ ಒಬ್ಬ ಮುದುಕಮ್ಮನ ಬ್ಯಾಗಿಗೆ ಕೈ ಹಾಕಿಯೇಬಿಟ್ಟೆ. ಆಯಮ್ಮ ಬಿಡಲಿಲ್ಲ. ಏನೋ ಹೇಳಿ ಬಗ್ಗಿ ನಮಸ್ಕಾರ ಮಾಡಿದರು, ನಾನೂ ಬಗ್ಗಿದೆ. ಇಬ್ಬರೂ ಒಂದೇ ಬ್ಯಾಗಿಗೆ ಜೋತುಬಿದ್ದು ನಾಲ್ಕೈದು ಸಲ ಬಗ್ಗಿದ ಮೇಲೆ ಪೊಲೀಸಿನವನು ಬಂದ.

ಅಜ್ಜ ಓಡಿ ಬಂದು ಅವನಿಗೆ ಗಂಭೀರವಾಗಿ ವಿವರಿಸಿದರು. ಪೊಲೀಸಿನವನು ನನಗೇ ಸೊಂಟ ಬಗ್ಗಿಸಿ ಹೋದ. ‘ಏನು ಹೇಳಿದಿರಿ?’ ಎಂದು ಕೇಳಿದೆ. ಅಜ್ಜ ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ‘ಇವರ ನಾಡಿನಲ್ಲಿ ಅತಿಥಿಯ ಗಂಟು ಹೊರುವುದು ರಾಜರ ಕಾಲದಿಂದ ಬಂದ ವ್ರತ ಎಂದೆ. ನನ್ನ ಬ್ಯಾಗು ಕಿತ್ತುಕೊಂಡ ದಿನ ನೀವೇ ಹೇಳಿದ್ದಿರಲ್ಲ’ ಎಂದರು.

ಕೆಂಪು ಕೊಳ

ಆ ಊರಿನಲ್ಲಿ ಕುದಿಯುವ ಕೊಳಗಳಿವೆ. ಅವಕ್ಕೆ ನರಕ ಎಂದೇ ಹೆಸರು. ಒಂದು ಆಕಾಶದ ಬಣ್ಣ, ಇನ್ನೊಂದು ರಕ್ತದ ಬಣ್ಣ. ಜನ ಟಿಕೆಟ್ ತೆಗೆಸಿಕೊಂಡು ನರಕ ನೋಡಿ, ಎದುರಿನ ಅಂಗಡಿಯಲ್ಲಿ ಐಸ್‌ಕ್ರೀಮು ತಿಂದು ಮನೆಗೆ ಹೋಗುತ್ತಾರೆ.

ಕೆಂಪು ಕೊಳದ ಹತ್ತಿರ ಅಜ್ಜ ನಮಗೆ ನೀರು ತರಲು ಹೋದರು. ಅಷ್ಟರಲ್ಲಿ ನಮ್ಮ ದೇಶದ ಹೊಸ ದಂಪತಿ ಬಂದು, ‘ಇದು ಯಾಕೆ ಕೆಂಪಗಿದೆ ಅಂಕಲ್?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನನ್ನೇಕೆ ಕೇಳಬೇಕಿತ್ತು? ಕೈಕಟ್ಟಿ ನಿಂತ ನನ್ನ ಠೀವಿಯೇ ಹಾಗೆ. ಯುದ್ಧ ಗೆದ್ದ ರಾಜನೊಬ್ಬ ಇದರಲ್ಲಿ ಕತ್ತಿ ತೊಳೆದನೆಂದೂ, ರಾಣಿ ಬೇಡವೆಂದರೂ ಕೇಳಲಿಲ್ಲವೆಂದೂ, ಅಂದಿನಿಂದ ನೀರು ಕುದಿಯತೊಡಗಿತೆಂದೂ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಕೊಂಡು ಹೋಯಿತು. ಹುಡುಗಿಯ ಕಣ್ಣಲ್ಲಿ ನೀರು ಬಂತು. ನನ್ನ ಜೊತೆ ಫೋಟೊ ತೆಗೆಸಿಕೊಂಡು ಹೋದರು.

ತಿರುಗಿ ನೋಡಿದರೆ ಹಿಂದೆ ಅಜ್ಜ. ನೀರಿನ ಬಾಟಲಿ ಕಂಕುಳಲ್ಲಿ, ನೋಟ್‌ಬುಕ್ಕು ಕೈಯಲ್ಲಿ.

‘ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಕೆಂಪು ಎಂದು ನಾನು ತಿಳಿದಿದ್ದೆ. ಈ ಮಣ್ಣನ್ನು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ರಾಜನ ವಿಷಯ ಕೇಳಿರಲಿಲ್ಲ’ ಎಂದರು. ದನಿಯಲ್ಲಿ ಚೂರೂ ಕುಹಕವಿರಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ‘ಯಾವ ರಾಜ?’ ಎಂದರು.

ಈಗಲಾದರೂ ಬಾಯಿಮುಚ್ಚಬಹುದಿತ್ತು. ‘ಹೆಸರು ನಾಳೆ ಹೇಳುತ್ತೇನೆ’ ಎಂದೆ.

ಎಣ್ಣೆಸ್ನಾನ

ಮೂರನೆಯ ದಿನ ಹಳೆಯ ಕಾಲದ ಮರದ ಸ್ನಾನದ ಮನೆಗೆ ಹೋದೆವು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಮೈಮೇಲೆ ಒಂದು ನೂಲೂ ಇರಕೂಡದು. ಆ ಸಂಕೋಚದ ವಿಷಯ ಬಿಡಿ, ಹತ್ತು ನಿಮಿಷದಲ್ಲಿ ಅದು ತಾನಾಗಿ ಹೋಯಿತು. ಕೊರಳ ಲಿಂಗವನ್ನು ಬಿಡಲಾರದೆ ಕೈ ಟವಲಿನಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡೆ. ಅಲ್ಲಿನವರೂ ತಲೆ ಮೇಲೆ ಪುಟ್ಟ ಟವಲು ಮಡಿಸಿಟ್ಟುಕೊಂಡಿದ್ದರಿಂದ ಅದು ಯಾರಿಗೂ ವಿಚಿತ್ರ ಅನಿಸಲಿಲ್ಲ.

ವಿಚಿತ್ರವಾದದ್ದು ಬೇರೆ. ನೀರಿಗಿಳಿಯುವ ಮೊದಲು ಮೈ ಚೆನ್ನಾಗಿ ಸಿದ್ಧ ಮಾಡಿಕೊಳ್ಳಬೇಕು ಎಂದು ಅಜ್ಜ ಹೇಳಿದ್ದರು. ಸೋಪು ಹಚ್ಚಿ ತೊಳೆದುಕೊಳ್ಳಿ ಎಂದು ಅವರ ಅರ್ಥ. ಬಿಸಿನೀರಿನ ಸ್ನಾನಕ್ಕೆ ಮೈ ಸಿದ್ಧ ಮಾಡುವುದೆಂದರೆ ನಮ್ಮಲ್ಲಿ ಏನೆಂದು ನಿಮಗೂ ಗೊತ್ತು. ಹೆಂಡತಿ ಊರಿಂದ ತಂದಿದ್ದ ಹಿರಿಯೂರು ಕೊಬ್ಬರಿಯ ಗಾಣದೆಣ್ಣೆಯನ್ನು ಬೆಳಿಗ್ಗೆಯೇ ಸೀಸೆಯಲ್ಲಿ ಕೊಟ್ಟಿದ್ದಳು. ‘ನೆತ್ತಿಗೆ ಚೆನ್ನಾಗಿ ತಟ್ರಿ, ಕಾಲ್ ನೋವಿಗೂ ಒಳ್ಳೇದು’ ಅಂದಿದ್ದಳು. ಅಜ್ಜ ಆಚೆ ತಿರುಗಿ ಮೈ ತೊಳೆಯುತ್ತಿದ್ದಾಗ ಮೂಲೆಯಲ್ಲಿ ಕೂತು ನೆತ್ತಿಯಿಂದ ಹಿಮ್ಮಡಿವರೆಗೆ ಸೀಸೆ ಖಾಲಿ ಮಾಡಿದೆ. ನೆಂಟರ ಮನೆಯಲ್ಲಿ ಹಬ್ಬದ ದಿನ ಕೂತಷ್ಟೇ ಸುಖವಾಗಿ ಕೊಳದಲ್ಲಿ ಕೂತೆ.

ಎದುರಿಗೆ ಏಳೆಂಟು ಮುದುಕರು ಕಣ್ಣುಮುಚ್ಚಿ ಕೂತಿದ್ದರು. ಮೊದಲು ಬಣ್ಣಬಣ್ಣದ ಎಣ್ಣೆ ಪೊರೆಯೊಂದು ನನ್ನ ಹತ್ತಿರದಿಂದ ಹೊರಟಿತು. ನಿಧಾನವಾಗಿ ಹರಡಿ ಅವರ ಗದ್ದದ ಬುಡಕ್ಕೆ ಹೋಯಿತು. ಒಬ್ಬರು ಕಣ್ಣು ತೆರೆದರು. ಬೈದಿದ್ದರೆ ನನಗೆ ಬೇಜಾರಿರಲಿಲ್ಲ, ನಮ್ಮ ಕಡೆ ಬಸ್ಸಿನಲ್ಲಿ ಕಾಲು ತುಳಿದರೂ ಮೂರು ತಲೆಮಾರು ಬೈಯುತ್ತಾರೆ. ಇವರು ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು, ನನಗೆ ತಲೆಬಾಗಿ, ಮೈಯೆಲ್ಲ ಮಿಂಚುತ್ತ ಹೊರಗೆ ಹೋದರು. ಕೊನೆಗೆ ಅಷ್ಟು ದೊಡ್ಡ ಕೊಳದಲ್ಲಿ ನಾನೊಬ್ಬನೇ ಉಳಿದೆ. ಕೊಳ ಖಾಲಿ ಮಾಡಿ ಉಜ್ಜಲು ಅಲ್ಲಿನ ಕೆಲಸದವರಿಗೆ ಇಡೀ ಮಧ್ಯಾಹ್ನ ಬೇಕಾಯಿತು. ನಾನೂ ಬ್ರಷ್ಷು ಹಿಡಿಯಲು ಹೋದರೆ ಬಿಡಲಿಲ್ಲ.

ಹೊರಗೆ ಹೆಂಡತಿ ಕಾಯುತ್ತಿದ್ದಳು. ಅವಳು ಬರೀ ಸೋಪಿನಲ್ಲಿ ಮಿಂದು ಬಂದಿದ್ದಳು. ‘ನೀನ್ಯಾಕೆ ಎಣ್ಣೆ ಹಚ್ಕಳ್ಲಿಲ್ಲ?’ ಎಂದು ರೇಗಿದೆ.

‘ಗೋಡೆ ಮ್ಯಾಲೆ ಚಿತ್ರ ಬರ್ದು ಹಾಕಿದ್ರಲ್ರೀ, ಏನೇನ್ ಮಾಡ್ಬೇಕು ಅಂತ. ಜನಕ್ಕೆ ತೋರ್ಸೋ ಗೈಡು ನೀವು, ನಿಮಗೆ ಕಾಣ್ಲಿಲ್ವಾ?’

ಆವಿಯ ಕಡುಬು

ಅಲ್ಲಿ ಭೂಮಿಯಿಂದ ಬರುವ ಆವಿಯಲ್ಲೇ ಅಡುಗೆ ಮಾಡುವ ಜಾಗಗಳಿವೆ. ಬುಟ್ಟಿಯಲ್ಲಿ ಗೆಣಸು, ಕುಂಬಳ, ಕೋಸು ಇಟ್ಟು ಮುಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಬೆಂದಿರುತ್ತದೆ. ಒಲೆಯಿಲ್ಲ, ಗ್ಯಾಸಿಲ್ಲ. ಹೆಂಡತಿಗೆ ಆ ಊರಿನಲ್ಲಿ ಇಷ್ಟವಾದದ್ದು ಇದೊಂದೇ. ನಂಚಿಕೊಳ್ಳಲು ಕೊಡುವ ರಸದಲ್ಲಿ ಮೀನು ಇರುತ್ತದೆಂದು ಅಜ್ಜ ಮೊದಲೇ ಹೇಳಿ, ಪಾಪ, ನಮಗಾಗಿ ಅದನ್ನು ತಾವೂ ಮುಟ್ಟಲಿಲ್ಲ. ಅವಳು ರಾಗಿಹಿಟ್ಟಿಗೆ ತರಕಾರಿ ಕಲಸಿ ಕಡುಬು ಕಟ್ಟಿ ಬೇಯಿಸಿದಳು, ಡಬ್ಬಿಯಿಂದ ಹುಚ್ಚೆಳ್ಳು ಪುಡಿ ತೆಗೆದಳು.

ಅಜ್ಜ ಕಣ್ಣರಳಿಸಿ ತಿಂದು, ‘ಇದರ ಇತಿಹಾಸವೇನು?’ ಎಂದರು. ಪೆನ್ನು ಹೊರಬಂತು. ಪೆನ್ನು ಕಂಡರೆ ನಾನು ಕೆಟ್ಟೆ.

‘ನಮ್ಮ ಪಾಳೇಗಾರರ ಸೈನಿಕರು ಇದನ್ನೇ ಸೊಂಟಕ್ಕೆ ಕಟ್ಟಿಕೊಂಡು ಯುದ್ಧಕ್ಕೆ ಹೋಗುತ್ತಿದ್ದರು’ ಎಂದೆ.

ಪಾಳೇಗಾರ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ಹೆಂಡತಿ ತಟ್ಟೆ ಕೆಳಗಿಟ್ಟಳು. ‘ಯಾವ್ ಪಾಳೇಗಾರರ್ರೀ? ಇದ್ನ ನಾನು ಯುಗಾದಿ ಆದ್ಮೇಲೆ ಫೋನ್‌ನಾಗೆ ನೋಡಿ ಕಲ್ತಿದ್ದು. ನಾಳೆ ಸಭೆ ಐತೆ, ಇವತ್ತೂ ಬಿಡಾಕತ್ತೀರಲ್ಲ, ನಾಚ್ಕೆ ಆಗಲ್ವಾ?’

‘ಏನು ಹೇಳಿದರು?’ ಎಂದರು ಅಜ್ಜ, ಪೆನ್ನು ಹಿಡಿದೇ.

‘ನಿಜ ಅಂತಿದಾಳೆ’ ಎಂದೆ.

ನಿಂಬೆಹಣ್ಣು

ಸಭೆ ಮರದ ಹಾಲೊಂದರಲ್ಲಿ, ಮಧ್ಯಾಹ್ನ. ಮೂವತ್ತು ಜನ ತಲೆ ಹಣ್ಣಾದ ಗೈಡುಗಳು. ಹೆಂಡತಿ ಮೊದಲ ಸಾಲಿನಲ್ಲಿ. ಶುರುವಿನಲ್ಲೇ ಒಪ್ಪಿಕೊಂಡುಬಿಡಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿದ್ದೆ. ಆದರೆ ನಾನು ಎದ್ದು ನಿಂತದ್ದೇ ಮೂವತ್ತು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಮುಂದೆ ತಪ್ಪೊಪ್ಪಿಗೆ ಬಾಯಿಗೆ ಬರಲಿಲ್ಲ.

ಅಜ್ಜ ನೋಟ್‌ಬುಕ್ಕು ಓದಿದರು, ಮೊದಲು ಜಪಾನಿಯಲ್ಲಿ, ಆಮೇಲೆ ನನಗಾಗಿ ಇಂಗ್ಲಿಷಿನಲ್ಲಿ. ಏಳು ಸುತ್ತಿನ ಕೋಟೆ, ಆನೆ ನುಗ್ಗದಂತೆ ಬಾಗಿಲಿಗೆ ಹೊಡೆದ ಮೊಳೆ. ಅವೆಲ್ಲ ನಿಜವೇ, ಧೈರ್ಯವಾಗಿ ವಿವರಿಸಿದೆ. ಆಮೇಲೆ ಪುಟ ತಿರುವಿದರು. ‘ಕೋಟೆಯ ಒಂದು ಹೊಂಡಕ್ಕೆ ನಿಂಬೆಹಣ್ಣು ಹಾಕಿದರೆ, ನೆಲದಡಿಯ ನೀರಿನಲ್ಲಿ ಹರಿದು ಮೂರನೆಯ ದಿನ ಹಿರಿಯೂರಿನ ವೇದಾವತಿ ಹೊಳೆಯಲ್ಲಿ ಏಳುತ್ತದೆ.’

ಇದು ನಾನು ಕಟ್ಟಿದ್ದಲ್ಲ. ನಮ್ಮ ಕಡೆ ಯಾವ ಹಳೇ ಹೊಂಡಕ್ಕೂ ಇಂಥದೊಂದು ನಿಂಬೆಹಣ್ಣು ಇದ್ದೇ ಇರುತ್ತದೆ. ನಾನು ಸೇರಿಸಿದ್ದು ಮೂರು ದಿನ ಎನ್ನುವ ಲೆಕ್ಕ ಮಾತ್ರ. ಕೋಟೆ ಬಾಗಿಲ ಹತ್ತಿರದ ಶರಬತ್ತಿನ ಗಾಡಿಯಲ್ಲಿ ಗಿರಾಕಿಯಿಂದ ಒಂದು ನಿಂಬೆಹಣ್ಣು ಕೊಳ್ಳಿಸಿ ಹೊಂಡಕ್ಕೆ ಹಾಕಿಸುವುದು ನನ್ನ ಪದ್ಧತಿ. ಅಜ್ಜನ ಕೈಯಲ್ಲೂ ಹಾಕಿಸಿದ್ದೆ.

‘ನಾನು ಜೀವಮಾನವೆಲ್ಲ ನೆಲದೊಳಗಿನ ನೀರಿನ ಹಿಂದೆ ತಿರುಗಿದವನು. ಅದಕ್ಕೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ’ ಎಂದರು ಅಜ್ಜ. ‘ಅದು ಹಿರಿಯೂರಿನಲ್ಲಿ ಎದ್ದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಾ?’

ಆ ಪುಣ್ಯಾತ್ಮ ನನಗೆ ಬಾಗಿಲು ಪೂರ್ತಿ ತೆರೆದಿಟ್ಟಿದ್ದರು. ಹೆಂಡತಿ ಕಣ್ಣಲ್ಲೇ ‘ಹೇಳ್ರಿ’ ಎನ್ನುತ್ತಿದ್ದಳು. ಬಾಯಿ ತೆರೆದೆ.

‘ಕಂಡಿದ್ದೇನೆ’ ಎಂದೆ. ‘ಎರಡು ಸಲ.’

ಅಜ್ಜ ತಲೆಯಾಡಿಸಿ ಗೋಡೆಯ ಮೇಲೆ ಒಂದು ಫೋಟೊ ಮೂಡಿಸಿದರು. ಅವರ ಅಂಗೈಯಲ್ಲಿ ನಿಂಬೆಹಣ್ಣು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಜಪಾನಿ ಅಕ್ಷರ. ಹೊಂಡಕ್ಕೆ ಹಾಕುವ ಮೊದಲು ತಮ್ಮ ಹೆಸರು ಬರೆದಿದ್ದರಂತೆ, ನೀರಿನ ದಾರಿ ಹುಡುಕುವವರ ಅಭ್ಯಾಸ. ಎರಡನೆಯ ಫೋಟೊ ಮರುದಿನದ್ದು. ಅದೇ ಶರಬತ್ತಿನ ಗಾಡಿ. ಗಾಡಿಯವನ ಕೈಯಲ್ಲಿ ಚಾಕು, ಚಾಕುವಿನ ಕೆಳಗೆ ಅದೇ ನಿಂಬೆಹಣ್ಣು, ಅದೇ ಅಕ್ಷರ. ಸಂಜೆ ಹೊತ್ತು ಹೊಂಡದಿಂದ ಅವನ್ನು ಬಲೆಯಲ್ಲಿ ಎತ್ತಿ ತರುತ್ತಿದ್ದನೆಂದು ನನಗೂ ಆಗಲೇ ತಿಳಿದದ್ದು. ಗಾಡಿಯ ಪಕ್ಕದಲ್ಲಿ ನಾನು. ಲೋಟ ಎತ್ತಿ ಹಿಡಿದು ಹಲ್ಲು ಬಿಡುತ್ತಿದ್ದೇನೆ.

‘ನೀರಿನ ದಾರಿ ನನಗೆ ತಿಳಿಯಲಿಲ್ಲ’ ಎಂದರು ಅಜ್ಜ ಸಭೆಗೆ. ‘ನಿಂಬೆಹಣ್ಣಿನ ದಾರಿ ತಿಳಿಯಿತು. ಮೂರು ದಿನವಲ್ಲ, ಒಂದೇ ದಿನ.’

ಮೂವತ್ತು ಜನವೂ ಬಾಯಿಗೆ ಕೈ ಅಡ್ಡ ಹಿಡಿದರು. ಗಟ್ಟಿಯಾಗಿ ನಕ್ಕವಳು ನನ್ನ ಹೆಂಡತಿ ಒಬ್ಬಳೇ. ನೆಲ ಬಿರಿಯಬಾರದೇ ಎನಿಸಿತು. ಆ ಊರಲ್ಲಿ ಅದು ಬಿರಿಯುತ್ತದೆ ಕೂಡ, ನನ್ನ ಪಾಲಿಗೆ ಬಿರಿಯಲಿಲ್ಲ. ಎರಡು ವರ್ಷ ಎಲ್ಲ ಗೊತ್ತಿದ್ದೂ ನನ್ನನ್ನು ಕರೆಸಿ, ಉಣ್ಣಿಸಿ, ಪೊಲೀಸಿನವನಿಂದ ಬಿಡಿಸಿದ ಮನುಷ್ಯನ ಮುಖ ನೋಡಲಾಗದೆ, ‘ತಪ್ಪಾಯ್ತು. ಹಿರಿಯೂರಿನಲ್ಲಿ ಎದ್ದದ್ದನ್ನು ನಾನು ಕಂಡಿಲ್ಲ, ಯಾರೂ ಕಂಡಿಲ್ಲ’ ಎಂದೆ. ಅಜ್ಜ ಆ ಸಾಲಿನ ಕೆಳಗೆ ಅದನ್ನೂ ಬರೆದುಕೊಂಡರು. ಬರೆದು, ಕನ್ನಡಕ ಸರಿಮಾಡಿಕೊಂಡು, ಕಾಳಜಿಯಿಂದ ಇನ್ನೊಂದು ಕೇಳಿದರು.

‘ಅವರು ಹೊಂಡದಿಂದ ತರುವುದು ನಿಂಬೆಹಣ್ಣು ಮಾತ್ರವೋ, ಶರಬತ್ತಿಗೆ ನೀರನ್ನೂ ಅಲ್ಲಿಂದಲೇ ತರುತ್ತಾರೋ?’

ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ್ದೇ ಹೆಂಡತಿಯ ನಗು ನಿಂತಿತು. ಅಜ್ಜ ಅಲ್ಲಿ ಕುಡಿದದ್ದು ಒಂದೇ ಒಂದು ಲೋಟ. ನಾನು ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎರಡು ಕುಡಿಯುತ್ತೇನೆ.