ಒಂಟಿ ಹಲಗೆಯ ನಂಜೇಗೌಡ

ನೀರಿನ ಮೇಲೆ ಒಂಟಿ ಹಲಗೆಯಲ್ಲಿ ನಿಂತು, ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು ಹಾವಿನ ಹಾಗೆ ಹರಿದಾಡಬಲ್ಲ ಮನುಷ್ಯ ಇಡೀ ಪಾಂಡವಪುರ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂಬುದು ನಮ್ಮೂರಿನವರಿಗೂ, ನನ್ನ ಹೆಂಡತಿಯ ತವರಾದ ಕಿಕ್ಕೇರಿಯವರಿಗೂ ಗೊತ್ತಿತ್ತು. ಗೊತ್ತಿತ್ತು ಎಂದರೆ, ನಾನೇ ಹೇಳಿದ್ದೆ. ಸೈನ್ಯದಿಂದ ನಿವೃತ್ತನಾಗಿ ಬಂದು ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ನನ್ನ ಮಾತು ಕೇಳದೆ ಬೇರೆ ದಾರಿ ಇರಲಿಲ್ಲ.

ನಾನು ಹೇಳುತ್ತಿದ್ದುದರಲ್ಲಿ ಸುಳ್ಳು ಬಹಳ ಕಡಿಮೆ. ಸೈನ್ಯದಲ್ಲಿ ನಮ್ಮ ತುಕಡಿಗೆ ಈ ಆಟದ ತರಬೇತಿ ಇದ್ದದ್ದು ನಿಜ. ನಂಜೇಗೌಡ ಎಂಬ ಜವಾನನೊಬ್ಬ ಒಂಟಿ ಹಲಗೆಯ ಮೇಲೆ ನಿಂತು, ನೀರಿನಲ್ಲಿ ತೇಲಿಬಿಟ್ಟ ಆರು ಚೆಂಡುಗಳನ್ನು ಆಚೆಯಿಂದೊಮ್ಮೆ ಈಚೆಯಿಂದೊಮ್ಮೆ ಸುತ್ತಿ ಬರುತ್ತಿದ್ದದ್ದೂ ನಿಜ. ಅವನು ತಿರುಗಿದ ಕಡೆಯೆಲ್ಲ ನೀರು ಗೋಡೆಯ ಹಾಗೆ ಏಳುತ್ತಿತ್ತು. ನನ್ನ ಹೆಸರೂ ನಂಜೇಗೌಡನೇ. ಆದರೆ ಆ ನಂಜೇಗೌಡ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯವನು. ನಾನು ದಡದ ಉಗ್ರಾಣದಲ್ಲಿ ಕುಳಿತು ಎಲ್ಲರಿಗೂ ತೇಲುವ ಜಾಕೀಟು ಕೊಡುತ್ತಿದ್ದೆ. ಹತ್ತು ವರ್ಷ ಕಥೆ ಹೇಳುವಾಗ ಊರಿನ ಹೆಸರೊಂದನ್ನು ಬಿಟ್ಟಿದ್ದೆ, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ದಿನ ಡೈರಿಯ ವಿಳಾಸಕ್ಕೆ ಕಾಗದ ಬಂತು. ಆ ಹೊತ್ತಿಗೆ ನಾನು ಹಾಲು ಅಳೆಯುತ್ತಿದ್ದೆ. ಕಿಕ್ಕೇರಿಯಿಂದ ಬಂದಿದ್ದ ನನ್ನ ಬಾಮೈದ ಪುಟ್ಟಸ್ವಾಮಿ ಅದನ್ನು ಒಡೆದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿಬಿಟ್ಟ. ನಮ್ಮ ಹಳೆಯ ಮೇಜರ್ ಸಾಹೇಬರು ಬರೆದಿದ್ದರು. ನಿವೃತ್ತರಾಗಿ ಮೈಸೂರಿನಲ್ಲಿದ್ದ ಅವರು ಗೆಳೆಯರ ಜೊತೆ ಸೇರಿ ವಿದೇಶದ ದೋಣಿಯೊಂದನ್ನು ತರಿಸಿದ್ದರು. ಅಪ್ಪಣೆ ಪಡೆದು ಮುಂದಿನ ಭಾನುವಾರ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ, ನಮ್ಮೂರಿನ ಹತ್ತಿರಕ್ಕೇ ತರುವವರಿದ್ದರು. "ಒಂಟಿ ಹಲಗೆಯಲ್ಲಿ ನಿನ್ನಂಥವನನ್ನು ನಾನು ಮತ್ತೆ ನೋಡಲಿಲ್ಲ. ಬಂದು ನನ್ನ ಗೆಳೆಯರಿಗೆ ತೋರಿಸು" ಎಂದಿತ್ತು ಕಾಗದ.

ಸಾಹೇಬರಿಗೆ ನಂಜೇಗೌಡರು ಅದಲುಬದಲಾಗಿದ್ದರು.

"ಇಷ್ಟ್ ದಿನ ನೀವು ಬುರುಡೆ ಬುಡ್ತಾ ಇದ್ದೀರಿ ಅನ್ಕಂಡಿದ್ದೆ ಕನ ಬಾವ," ಎಂದ ಪುಟ್ಟಸ್ವಾಮಿ. ಅವನ ಕಣ್ಣಲ್ಲಿ ಮೊದಲ ಬಾರಿಗೆ ನನ್ನ ಬಗ್ಗೆ ಗೌರವ ಕಂಡಿತು. "ಟ್ರಾಕ್ಟರ್ ಕಟ್ಕಂಡು ಊರೋರ್ನೆಲ್ಲ ಕರ್ಕಂಡ್ ಬತ್ತೀನಿ."

ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ನಾನು ಹಾಲು ಅಳೆಯುವುದನ್ನು ಮುಂದುವರಿಸಿದೆ. ಯೋಚಿಸಿ ನೋಡಿದರೆ ನನಗೇನು ಕಡಿಮೆ? ಮಂಡಿ ಎದೆಗೆ ತಾಗಬೇಕು, ಕೈ ನೇರ ಇರಬೇಕು, ನಾವು ಏಳಬಾರದು, ದೋಣಿಯೇ ಎಬ್ಬಿಸಬೇಕು. ವರ್ಷಗಟ್ಟಲೆ ದಡದಲ್ಲಿ ಕುಳಿತು ಕೇಳಿದ ಪಾಠ ಬಾಯಿಗೆ ಬರುತ್ತಿತ್ತು. ಹೆಸರೂ ಅದೇ ಇತ್ತು. ಉಳಿದದ್ದು ಎಷ್ಟು ಕಷ್ಟವಿದ್ದೀತು?

ಶನಿವಾರ ಹಿತ್ತಲಿನಲ್ಲಿ ಒಂದು ಹಲಗೆ ಹಾಕಿ, ಅದರ ಮೇಲೆ ಒಂದು ಕಾಲಿನ ಹಿಂದೆ ಇನ್ನೊಂದು ಕಾಲು ಇಟ್ಟು, ಎಮ್ಮೆಯ ಹಗ್ಗ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತೆ. ನನ್ನ ಹೆಂಡತಿ ಜಯಮ್ಮ ಹಿತ್ತಲ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನೋಡಿದಳು.

"ಇದೇನು?"

"ಅಭ್ಯಾಸ."

"ಎಮ್ಮೆ ಹೆದ್ರುಕಂಡದೆ. ಸಂಜೆ ಹಾಲ್ ಕೊಡ್ದೆ ಹೋದ್ರೆ ನೀವೇ ಸಮಾಧಾನ ಮಾಡ್ಬೇಕು," ಎಂದು ಒಳಗೆ ಹೋದಳು. ಹೋಗುವಾಗ ನನ್ನ ಕಾಲಿನ ಕೆಳಗಿನ ಹಲಗೆಯನ್ನು ಇನ್ನೊಮ್ಮೆ ತಿರುಗಿ ನೋಡಿದಳು.

ಭಾನುವಾರ ಬೆಳಗ್ಗೆ ಹಿನ್ನೀರಿನ ದಡದಲ್ಲಿ ಕಿಕ್ಕೇರಿಯ ಟ್ರಾಕ್ಟರು ಬಂದು ನಿಂತಿತ್ತು. ಬೀಗರು ಚಾಪೆ ಹಾಸಿ, ಪುರಿ ಖಾರ ಕಲಸಿಕೊಂಡು ಕುಳಿತಿದ್ದರು. ಮೇಜರ್ ಸಾಹೇಬರು ನನ್ನನ್ನು ತಬ್ಬಿಕೊಂಡರು. ಆಮೇಲೆ ದೂರ ಸರಿದು ನೋಡಿದರು.

"ತುಂಬ ಬದಲಾಗಿದ್ದೀಯ ಕಣಯ್ಯಾ. ಗುರುತೇ ಸಿಗಲ್ಲ."

"ಹಾಲಿನ ಡೈರಿ ಸಾರ್," ಎಂದೆ. ಅದಕ್ಕಿಂತ ಹೆಚ್ಚಿನ ವಿವರಣೆ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ದೋಣಿ ನಾನು ಅಂದುಕೊಂಡ ಹಾಗಿರಲಿಲ್ಲ. ನಡುವೆ ಆಳೆತ್ತರದ ಕಬ್ಬಿಣದ ಕಮಾನು, ಅದರ ತುದಿಗೆ ಹಗ್ಗ. ಸಾಹೇಬರು ವಿವರಿಸಿದರು. ಇದು ನಮ್ಮ ಕಾಲದ ದೋಣಿಯಲ್ಲ. ಇದರ ಹಿಂದೆ ಹೋಗುವವರು ಎರಡು ಕಾಲನ್ನೂ ಒಂದು ಅಗಲವಾದ ಹಲಗೆಗೆ ಅಡ್ಡಡ್ಡ ಬಿಗಿದುಕೊಂಡು, ಅಲೆಯ ಮೇಲಿಂದ ಗಾಳಿಗೆ ಹಾರುತ್ತಾರಂತೆ. ಅದಕ್ಕಾಗಿ ದೊಡ್ಡ ಅಲೆ ಏಳಲೆಂದೇ ದೋಣಿಯ ತೊಟ್ಟಿಗಳಿಗೆ ನೀರು ತುಂಬಿ ಭಾರ ಮಾಡಿರುತ್ತಾರೆ. ಒಂಟಿ ಹಲಗೆಯವರಿಗೆ ಬೇಕಾದದ್ದು ಇದರ ತದ್ವಿರುದ್ಧ. ಅಲೆ ಚಪ್ಪಟೆ ಇರಬೇಕು, ಹಗ್ಗ ಕೆಳಗಿರಬೇಕು.

"ತೊಟ್ಟಿ ಖಾಲಿ ಮಾಡೋಕೆ ಅರ್ಧ ಗಂಟೆ ಸಾಕು. ಮಾಡಿಸಲಾ?" ಎಂದು ಕೇಳಿದರು.

ಅರ್ಧ ಗಂಟೆ ಕಾದರೆ ನನ್ನ ಧೈರ್ಯ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. "ಇರಲಿ ಬಿಡಿ ಸಾರ್. ನಮಗೆ ಎಂಥ ಅಲೆಯಾದರೂ ಒಂದೇ," ಎಂದೆ. ಇದಕ್ಕಿಂತ ದೊಡ್ಡ ಮೂರ್ಖತನದ ಮಾತನ್ನು ನಾನು ಆಡಿದ ನೆನಪಿಲ್ಲ.

ಜಾಕೀಟು ತೊಟ್ಟು, ಒಂಟಿ ಹಲಗೆಗೆ ಕಾಲು ಸಿಕ್ಕಿಸಿಕೊಂಡು ನೀರಿಗಿಳಿದೆ. ಮೊದಲನೆಯ ಸಲ ದೋಣಿ ಹೊರಟಿತು, ನಾನು ಹೊರಡಲಿಲ್ಲ. ಹಗ್ಗದ ಹಿಡಿ ಮಾತ್ರ ಕೈತಪ್ಪಿ ಹೋಯಿತು. ಎರಡನೆಯ ಸಲ ಹಿಡಿಯನ್ನು ಬಿಡಲೇಬಾರದೆಂದು ಶಪಥ ಮಾಡಿದೆ. ಆ ಶಪಥವನ್ನು ನೀರಿನೊಳಗೂ ಪಾಲಿಸಿದೆ. ದೋಣಿ ನನ್ನನ್ನು ಮುಖ ಕೆಳಗಾಗಿ ಎಳೆದುಕೊಂಡು ಹೋಯಿತು. ಕಾವೇರಿಯ ಒಂದು ಪಾಲು ನನ್ನ ಮೂಗಿನ ಮೂಲಕ ಹಾದುಹೋಯಿತು.

"ಬಾವ ನೀರೊಳಿಕ್ಕೇ ಹೋಗ್ತಾವ್ರೆ ಕನ್ರಲಾ. ಮ್ಯಾಲೆ ಯಾವಾಗ್ ಬತ್ತಾರೋ," ಎಂದು ಪುಟ್ಟಸ್ವಾಮಿ ದಡದಲ್ಲಿ ವಿವರಣೆ ಕೊಡುತ್ತಿದ್ದನಂತೆ.

ಮೂರನೆಯ ಸಲ ನಾನು ಎದ್ದು ನಿಂತೆ. ಅದರಲ್ಲಿ ನನ್ನ ಪಾತ್ರವೇನೂ ಇರಲಿಲ್ಲ. ಆ ಎತ್ತರದ ಕಮಾನು ನನ್ನನ್ನು ಜುಟ್ಟು ಹಿಡಿದು ಎತ್ತಿದ ಹಾಗೆ ಎತ್ತಿ ನೀರಿನ ಮೇಲೆ ನಿಲ್ಲಿಸಿತು. ಆ ಏಳೆಂಟು ಕ್ಷಣಗಳನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕಾಲ ಕೆಳಗೆ ನೀರು ಗಾಜಿನಂತೆ ಜಾರುತ್ತಿತ್ತು. ದಡದಲ್ಲಿ ನಮ್ಮವರೆಲ್ಲ ಎದ್ದು ನಿಂತಿದ್ದರು. ಜಯಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಾನು ನಿಜವಾಗಿಯೂ ಒಂಟಿ ಹಲಗೆಯ ನಂಜೇಗೌಡನಾಗಿದ್ದೆ.

ಆಗ ಹಲಗೆ ತಾನಾಗಿ ಎಡಕ್ಕೆ ಹೊರಟಿತು. ಅಲ್ಲಿ ಗದ್ದೆಯ ಬದುವಿನಂಥ ಅಲೆ ಇತ್ತು. ಗೊತ್ತಿದ್ದವನಾಗಿದ್ದರೆ ಮಂಡಿ ಬಗ್ಗಿಸುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಅಲೆ ನನ್ನನ್ನು ಆಕಾಶಕ್ಕೆ ಎಸೆಯಿತು. ದಡದಲ್ಲಿ ಚಪ್ಪಾಳೆ ಕೇಳಿಸಿತು. ಅದೂ ಆಟದ ಭಾಗವೆಂದುಕೊಂಡಿದ್ದರು.

ನಾನು ಬಿದ್ದದ್ದು ಮೀನಿನ ಬಲೆಯ ಮೇಲೆ.

ಬೆಳಗಿನ ಜಾವ ಯಾರೋ ಬಿಟ್ಟಿದ್ದ ಉದ್ದನೆಯ ಬಲೆ. ಹಲಗೆ ಕಳಚಿ ಹೋಯಿತು, ಆದರೆ ಕಾಲೆರಡೂ ಬಲೆಯಲ್ಲಿ ಸಿಕ್ಕಿಕೊಂಡವು. ಒದ್ದಾಡಿದಷ್ಟೂ ಅದು ಸುತ್ತಿಕೊಂಡಿತು. ಜಾಕೀಟು ಮೇಲಕ್ಕೆ ಎಳೆಯುತ್ತಿತ್ತು, ಬಲೆಯ ಕಲ್ಲುಗಳು ಕೆಳಕ್ಕೆ ಎಳೆಯುತ್ತಿದ್ದವು. ಆ ಭಾರದ ದೋಣಿ ಎಬ್ಬಿಸಿದ ಅಲೆಗಳು ಒಂದರ ಹಿಂದೆ ಒಂದು ನನ್ನ ಮುಖದ ಮೇಲೆ ಬಂದವು. ದೋಣಿ ಹಗ್ಗ ಸುತ್ತಿಕೊಂಡು ತಿರುಗಿ ಬರಲು ಹೊತ್ತು ಬೇಕಿತ್ತು. ಹತ್ತಿರ ಬಂದರೂ ಅದರ ಯಂತ್ರಕ್ಕೆ ಬಲೆ ಸಿಕ್ಕೀತೆಂಬ ಭಯ. ನಗುವ ವಿಷಯ ಅಲ್ಲಿಗೆ ಮುಗಿದಿತ್ತು. ನಾನು ಜಯಮ್ಮನ ಹೆಸರು ಹಿಡಿದು ಕೂಗಿದೆ. ಬಾಯಿಗೆ ನೀರು ಬಂತು.

"ಅಲ್ಲಾಡ್ಬ್ಯಾಡ ಕನಪ್ಪ. ಸುಮ್ಕಿರು."

ಹಿಂದಿನಿಂದ ಒಂದು ತೆಪ್ಪ ಬಂದಿತ್ತು. ಅದರಲ್ಲಿ ಅರವತ್ತರ ಹೆಂಗಸೊಬ್ಬಳು ಒಂದು ಕೈಯಲ್ಲಿ ಹುಟ್ಟು ಹಾಕುತ್ತಿದ್ದಳು. ಬಲೆಯ ಒಡತಿ ಮಾದಮ್ಮ. "ಮೀನ್ಗೆ ಇರೋ ಬುದ್ದಿ ನಿಂಗಿಲ್ವಲ್ಲ. ಸಿಕ್ಕಾಕ್ಕಂಡ್ ಮ್ಯಾಲೆ ಅದೂ ಸುಮ್ಕಾಯ್ತದೆ," ಎನ್ನುತ್ತ ಸೊಂಟದಿಂದ ಚಾಕು ತೆಗೆದಳು. ಮತ್ತೊಂದು ಯೋಚನೆ ಮಾಡಲಿಲ್ಲ. ತನ್ನದೇ ಬಲೆಯನ್ನು, ನನ್ನ ಕಾಲಿನ ಸುತ್ತ ಮಾರುಗಟ್ಟಲೆ ಕತ್ತರಿಸಿ ಹಾಕಿದಳು.

ನಾನು ತೆಪ್ಪ ಹತ್ತಲು ಹೋದೆ. "ಹತ್ಬ್ಯಾಡ, ಇಬ್ರೂ ಮುಳುಗ್ತೀವಿ. ಅಂಚ್ ಹಿಡ್ಕಂಡ್ ಬಾ," ಎಂದಳು. ಹೀಗೆ ಒಂಟಿ ಹಲಗೆಯ ವೀರನು ಬಿದಿರಿನ ತೆಪ್ಪದ ಅಂಚಿಗೆ ಜೋತುಬಿದ್ದು, ಮುದುಕಿಯೊಬ್ಬಳಿಂದ ಎಳೆಸಿಕೊಂಡು ಬೀಗರ ಮುಂದೆ ದಡ ಸೇರಿದನು.

ಟವಲು ಹೊದ್ದು ನಡುಗುತ್ತ ಕುಳಿತಾಗ ಸಾಹೇಬರಿಗೆ ಹೇಳಿಬಿಟ್ಟೆ. "ನಾನು ಆ ನಂಜೇಗೌಡ ಅಲ್ಲ ಸಾರ್."

"ನೀನು ಎರಡನೇ ಸಲ ಬಿದ್ದಾಗ ನನಗೂ ಅನುಮಾನ ಬಂತು. ಹಾಗಾದರೆ ನೀನು ಯಾರು?"

"ಜಾಕೀಟು ಕೊಡ್ತಾ ಇದ್ದವನು ಸಾರ್."

ಬೈಯುತ್ತಾರೆಂದುಕೊಂಡೆ. ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. "ನೀನು ಉಗ್ರಾಣದಲ್ಲಿ ಇದ್ದಷ್ಟು ದಿನ ಒಂದು ಜಾಕೀಟಿನ ಪಟ್ಟಿಯೂ ಕಿತ್ತಿರಲಿಲ್ಲ. ನಮ್ಮಲ್ಲಿ ಒಬ್ಬನೂ ಮುಳುಗಲಿಲ್ಲ. ಅದು ನನಗೆ ನೆನಪಿರಬೇಕಿತ್ತು. ನನ್ನದೇ ತಪ್ಪು," ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಆಗ ನನ್ನ ಮೈಯ ಎಲ್ಲ ಕಡೆಯಿಂದಲೂ ನೀರು ಬರುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಸಾಹೇಬರು ಮಾದಮ್ಮನಿಗೆ ಹೊಸ ಬಲೆ ತಂದುಕೊಡುತ್ತೇನೆ ಎಂದರು. "ಅದ್ಯಾಕೆ? ಹರ್ದೋನೇ ಬಂದು ಹೆಣೀಲಿ," ಎಂದಳು ಅವಳು. ನಾಲ್ಕು ಭಾನುವಾರ ಅವಳ ಜಗುಲಿಯಲ್ಲಿ ಕುಳಿತು ಬಲೆ ಹೆಣೆದೆ. ಪ್ರತಿ ಸಲವೂ ಅವಳು ನನ್ನ ಗಂಟುಗಳನ್ನೆಲ್ಲ ಬಿಚ್ಚಿ ತಾನೇ ಹಾಕಿದಳು, ಮೇಲೆ ಊಟಕ್ಕೂ ಹಾಕಿದಳು.

ನೀರಿಗೆ ಬಿದ್ದ ದಿನ ಮನೆಗೆ ನಡೆದು ಬರುವಾಗಲೇ ಜಯಮ್ಮನಿಗೂ ನಿಜ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಂಗೊತ್ತಿತ್ತು. ನಾಗಮಂಗಲದ್ ಮದ್ವೇಲಿ ಆವಯ್ಯನ್ ಹೆಂಡ್ರು ಸಿಕ್ಕಿದ್ಲು. ನೀವ್ ಹೇಳೋ ಕತೆನೆಲ್ಲ ಅವ್ಳೂ ಹೇಳುದ್ಲು. ಆರ್ ವರ್ಸ ಆಯ್ತು."

"ಮತ್ತೆ ಯಾಕೆ ಹೇಳಲಿಲ್ಲ? ತಡೆಯಬಹುದಿತ್ತಲ್ಲ?"

ಅವಳು ಒದ್ದೆ ಟವಲನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. "ಒಂದ್ ವ್ಯಾಳೆ ನಿಂತ್ಕಂಬುಟ್ರೆ ಅಂತ ನಂಗೂ ಆಸೆ ಇತ್ತು. ನಿಂತ್ಕಂಡ್ರಲ್ಲ, ವಸಿ ಹೊತ್ತು."

ಅಂಥ ಹೆಂಡತಿಗೆ ಹೇಳಲು ನನ್ನ ಹತ್ತಿರ ಯಾವ ಕಥೆಯೂ ಉಳಿದಿರಲಿಲ್ಲ.

ತಿಂಗಳ ನಂತರ ನಾನೇ ಬಿಂಡಿಗನವಿಲೆಗೆ ಹೋಗಿ ನಿಜವಾದ ನಂಜೇಗೌಡನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಈ ಸಲ ಮಾದಮ್ಮನಿಗೆ ಮೊದಲೇ ಹೇಳಿ ಬಲೆ ತೆಗೆಸಿದೆವು. ಮತ್ತೆ ದೋಣಿ ತಂದ ಸಾಹೇಬರು ತೊಟ್ಟಿಗಳನ್ನು ಖಾಲಿ ಮಾಡಿಸಿ, ಹಗ್ಗವನ್ನು ಕಮಾನಿನಿಂದ ಬಿಚ್ಚಿ ಕೆಳಗಿನ ಕೊಂಡಿಗೆ ಕಟ್ಟಿದರು. ತಲೆ ನರೆತ ಆ ಮನುಷ್ಯ ಮೊದಲ ಎಳೆತಕ್ಕೇ ಎದ್ದು ನಿಂತ. ಭುಜ ನೀರಿಗೆ ತಾಗುವಷ್ಟು ಬಾಗಿ, ಆ ಕಡೆ ಈ ಕಡೆ ತಿರುಗಿದ. ನೀರು ಗೋಡೆಯ ಹಾಗೆ ಎದ್ದಿತು. ನಾನು ಹತ್ತು ವರ್ಷ ಹೇಳಿದ್ದೆಲ್ಲ ಕಣ್ಣ ಮುಂದೆ ನಡೆಯಿತು. ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿ, "ಹೆಂಗದೆ?" ಎಂದು ಪುಟ್ಟಸ್ವಾಮಿಯನ್ನು ಕೇಳಿದೆ.

ಅವನು ಪುರಿ ಅಗಿಯುತ್ತ ಬಹಳ ಹೊತ್ತು ನೋಡಿದ.

"ಚಂದಾಗದೆ ಬಾವ. ಆದ್ರೆ ಈವಯ್ಯ ಬೀಳಾದೇ ಇಲ್ವಲ್ಲ. ನೀವೇ ಇನ್ನೊಂದ್ಸಲ ಹೋಗಿ. ಬೇಜಾರಾಯ್ತಾ ಅದೆ."